ಬೆರಳ ಸಂದಿ

ಫೋನು ಇಟ್ಟು ಮತ್ತೆ ಕತ್ತರಿ ಕೈಗೆತ್ತಿಕೊಂಡ ಕ್ಷೌರಿಕನಿಗೆ ತಾನು ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ಮರೆತುಹೋಗಿತ್ತು. ಕುರ್ಚಿಯಲ್ಲಿದ್ದ ಅಂಚೆಯವನ ಬಲಗಿವಿಯ ಸುತ್ತಲಿನ ಕೂದಲು ಇಳಿದಿತ್ತು, ಎಡಗಡೆಯದು ಹುಲ್ಲಿನ ಹಾಗೆ ನಿಂತಿತ್ತು. ಆದರೂ ಅವನು ಬಾಚಣಿಗೆಯನ್ನು ಮತ್ತೆ ಬಲಗಡೆಗೇ ಒಯ್ದ. ನಿಮ್ಮನ್ನು ಎಂದಳೋ, ನಿಮ್ಮನ್ನೂ ಎಂದಳೋ? ಆರೈಕೆ ಮನೆಯ ನರ್ಸಿನ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. 'ಅಣ್ಣಾ, ನಾಳೆ ಬರೋವಾಗ ಪೆಟ್ಟಿಗೆ ತರೋದು ಬೇಡ, ನೀವೊಬ್ಬರೇ ಬನ್ನಿ. ಇಲ್ಲಿ ಕೆಲವರಿಗೆ ಕಜ್ಜಿ ಕಾಣಿಸ್ಕೊಂಡಿದೆ. ಚರ್ಮದ ಡಾಕ್ಟ್ರು ಬರ್ತಿದಾರೆ, ನಿಮ್ಮನ್... ಒಂದ್ಸಲ ನೋಡಿಬಿಡ್ಲಿ.' ನಿಮ್ಮನ್ನೂ ಎಂದಿದ್ದರೆ ಎಲ್ಲರ ಜೊತೆಗೆ ತಾನೂ ಒಬ್ಬ, ಹೆದರುವಂಥದ್ದೇನಿಲ್ಲ. ನಿಮ್ಮನ್ನು ಎಂದಿದ್ದರೆ ತಾನೊಬ್ಬನೇ. ಒಂದು ದೀರ್ಘಕ್ಕೆ ಇಷ್ಟು ತೂಕವಿರುತ್ತದೆಂದು ಈ ವಯಸ್ಸಿನ ತನಕ ಅವನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಗರಗರ ಸದ್ದು ಬೇರೆ. ಆಗಲೇ ಎಡಗೈಯ ಮಣಿಕಟ್ಟಿನ ಒಳಗಡೆ ಏನೋ ಚುರ್ರೆಂದಿತು. ಬಾಚಣಿಗೆಯ ಹಲ್ಲಿನಿಂದ ಒಮ್ಮೆ ಗೀರಿಕೊಂಡ. ಹಾಯೆನಿಸಿತು, ಆ ಹಾಯೆನಿಸಿದ್ದೇ ಅವನಿಗೆ ಭಯ ಹುಟ್ಟಿಸಿತು.

'ಬಲಗಡೆ ಬೋಳು ಮಾಡಿ ಎಡಗಡೆ ಹಾಗೇ ಬಿಡ್ತೀಯೋ ಹೇಗೆ?' ಅಂಚೆಯವ ಕನ್ನಡಿಯಲ್ಲೇ ನಕ್ಕ. 'ಯಾರದು ಫೋನು? ಮನೇಲಿ ಎಲ್ಲಾ ಚೆನ್ನಾಗಿದಾರಾ?'

'ಚೆನ್ನಾಗಿದಾರೆ, ಚೆನ್ನಾಗಿದಾರೆ,' ಎಂದ ಅವನು, ಎರಡು ಸಲ. ಗಿರಾಕಿ ಎದ್ದುಹೋದ ಮೇಲೆ ಆ ಬಾಚಣಿಗೆಯನ್ನು ಕಸದ ಡಬ್ಬಿಗೆ ಎಸೆದ. ಎಸೆದವನು ಬೀದಿಯ ಕಡೆ ನೋಡಿದ, ಯಾರಾದರೂ ನೋಡಿದರೋ ಎಂದು.

ಆರೈಕೆ ಮನೆಯೆಂದರೆ ಮಲಗಿದಲ್ಲಿಂದ ತಾವಾಗಿ ಏಳಲಾಗದ, ಎದ್ದರೂ ಯಾತಕ್ಕೆ ಎದ್ದೆವೆಂದು ಮರೆಯುವ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಎರಡಂತಸ್ತಿನ ಹಳದಿ ಕಟ್ಟಡ. ಅಂಗಡಿಗೆ ರಜೆಯಿರುವ ಮಂಗಳವಾರ ಅವನು ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋಗಿ ಗಂಡಸರ ಗಡ್ಡ, ತಲೆ ಎರಡನ್ನೂ ನೋಡಿಕೊಳ್ಳುತ್ತಿದ್ದ. ಅಲ್ಲಿ ಅವನನ್ನು ಕಟಿಂಗ್ ಅಣ್ಣ ಎನ್ನುತ್ತಿದ್ದರು. ಫೋನು ಮಾಡಿದ ನರ್ಸನ್ನು ಸೋಂಕು ಹರಡದಂತೆ ನೋಡಿಕೊಳ್ಳುವುದಕ್ಕೆಂದೇ ನೇಮಿಸಿದ್ದರು. ಎದುರಿಗೆ ಸಿಸ್ಟರ್, ಬೆನ್ನ ಹಿಂದೆ ಸೋಪು ಸಿಸ್ಟರ್. ಅಡುಗೆಯವನಿರಲಿ, ಅಪ್ಪನನ್ನು ನೋಡಲು ಬಂದ ಸೂಟಿನ ಮಗನಿರಲಿ, ಬಾಗಿಲಲ್ಲೇ ಅಡ್ಡ ನಿಂತು 'ಕೈ ತೊಳ್ಕೊಂಡ್ರಾ?' ಎನ್ನುವವಳು. ಒಬ್ಬರಿಗೆ ಒಂದು ಬ್ಲೇಡು, ಒಬ್ಬರಿಗೆ ಒಂದು ಟವೆಲ್ಲು ಎಂದು ಅವನಿಗೂ ಪಾಠ ಹೇಳಿದ್ದಳು. ಅವನು ತಲೆಯಾಡಿಸಿದ್ದ, ಹಾಗೆಯೇ ನಡೆದುಕೊಂಡೂ ಇದ್ದ, ಒಂದು ದಿನ ಬಿಟ್ಟು. ಅವತ್ತು ಟವೆಲ್ಲು ಒಂದು ಕಡಿಮೆ ಬಿದ್ದಿತ್ತು, ಕೆಳಗೆ ಹೋಗಿ ಕೇಳಲು ಬೇಸರವಾಗಿ, ಒಬ್ಬರಿಗೆ ಹಾಸಿದ್ದನ್ನೇ ಮಗುಚಿ ಇನ್ನೊಬ್ಬರ ಎದೆಗೆ ಹಾಸಿದ್ದ. ಮಗುಚಿ ಹಾಸಿದರೆ ಅದು ಬೇರೆ ಟವೆಲ್ಲಲ್ಲವೇ ಎಂದು ಆಗ ಮನಸ್ಸಿನಲ್ಲೇ ಒಂದು ನಗೆಯನ್ನೂ ನಕ್ಕಿದ್ದ. ಆದರೆ ಮಣಿಕಟ್ಟು ತುರಿಸುತ್ತಿದ್ದುದು ಟವೆಲ್ಲಿನಿಂದಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಣಿಕಟ್ಟನ್ನು ಹಿಡಿದವರು ಮೇಲಿನ ಮಹಡಿಯ ಈಜು ಮೇಷ್ಟ್ರು.

'ಹೇಳ್ಬೇಡ ಕಣಯ್ಯಾ.' ಆ ದನಿಯಲ್ಲಿ ಬೇಡಿಕೆಯಿತ್ತೋ ಅಪ್ಪಣೆಯಿತ್ತೋ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷ ಊರಿನ ಈಜುಕೊಳದ ದಡದಲ್ಲಿ ನಿಂತು ಸೀಟಿ ಊದಿದ ಮನುಷ್ಯ. ಭುಜ ಈಗಲೂ ಬಾಗಿಲಿನಷ್ಟು ಅಗಲ, ಅದರ ಕೆಳಗೆ ಮಾತ್ರ ಎಲ್ಲವೂ ಸೋರಿಹೋದಂತೆ. ರೇಜರು ದವಡೆಯ ಕೆಳಗೆ ಬಂತೆಂದರೆ ಈಜುವಾಗ ಉಸಿರಿಗೆ ತಿರುಗುವ ಹಾಗೆ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಬಾಯಿ ತೆರೆಯುತ್ತಿದ್ದರು. ಹೋದ ತಿಂಗಳು ಒಂದು ದಿನ ಅವರ ಕೈ ರೇಜರಿಗೆ ಅಡ್ಡ ಬಂತೆಂದು ಅವನು ಹಿಡಿದು ಪಕ್ಕಕ್ಕಿಡಲು ಹೋದ. ಸದಾ ತೊಟ್ಟಿರುತ್ತಿದ್ದ ಉಣ್ಣೆಯ ಕೈಗವಸು ಜಾರಿತು. ಬೆರಳ ಸಂದಿಯಲ್ಲಿ ಮರದ ತೊಗಟೆಯ ಹಾಗೆ ದಪ್ಪಗೆ, ಬೂದುಬಣ್ಣಕ್ಕೆ ಹಕ್ಕಳೆ ಕಟ್ಟಿತ್ತು. ಮುಟ್ಟಿದರೆ ಹೊಟ್ಟು ಉದುರಿತು. 'ಏನಿದು ಮೇಷ್ಟ್ರೇ?' 'ಕ್ಲೋರಿನ್ ನೀರಲ್ಲಿ ಆಯುಷ್ಯ ಕಳೆದವನ ಚರ್ಮ ಇನ್ನು ಹೇಗಿರತ್ತೆ? ಒಣಚರ್ಮ ಅಂತ ಮುಲಾಮು ಕೊಟ್ಟಿದಾರೆ.' 'ಸಂದಿ ತೋರಿಸಿದೀರಾ ಅವರಿಗೆ?' ಆಗಲೇ ಅವರು ಅವನ ಮಣಿಕಟ್ಟನ್ನು ಹಿಡಿದದ್ದು, ಮುಳುಗುವವರು ಹಿಡಿಯುವಂತೆ. ಹೇಳ್ಬೇಡ ಕಣಯ್ಯಾ. ಕೊಳದ ಗೇಟಿನಲ್ಲಿ ನಾನೇ ಮಕ್ಕಳ ಕೈ ಬಿಡಿಸಿ ನೋಡ್ತಿದ್ದೆ. ಕಜ್ಜಿ ಇದ್ದ ಹುಡುಗರನ್ನ ಹೊರಗೆ ನಿಲ್ಲಿಸ್ತಿದ್ದೆ. ಅವರು ತಂತಿಬೇಲಿ ಹಿಡ್ಕೊಂಡು ಬೇರೆಯವರು ನೀರಿಗೆ ಹಾರೋದನ್ನ ನೋಡ್ತಾ ನಿಂತಿರೋರು. ಮೂಲೆ ರೂಮಿಗೆ ಹಾಕ್ಬಿಡ್ತಾರೆ ಕಣಯ್ಯಾ ನನ್ನ, ಒಬ್ಬನ್ನೇ.

ಅವನು ಹೇಳಲಿಲ್ಲ. ಕೊಟ್ಟ ಮಾತು ಎಂದುಕೊಂಡ, ಮುದುಕರ ಮಾನ ಎಂದುಕೊಂಡ. ಮನೆಗೆ ಹೋಗುವ ಬಸ್ಸಿನಲ್ಲಿ ಏನೋ ದೊಡ್ಡದನ್ನು ನಿಭಾಯಿಸಿದವನಂತೆ ಎದೆ ಹಗುರವಾಗಿತ್ತು. ಊರಿಗೆ ಊರೇ ಮೇಷ್ಟ್ರೇ ಎಂದು ಕೈಮುಗಿಯುತ್ತಿದ್ದ ಮನುಷ್ಯ ತನ್ನ ಮಣಿಕಟ್ಟು ಹಿಡಿದು ಗುಟ್ಟು ಹೇಳಿದ್ದು ಅವನಿಗೆ ಹಿತವಾಗಿತ್ತು, ಅಷ್ಟೇ. ಇದನ್ನು ಒಪ್ಪಿಕೊಳ್ಳಲು ಇವತ್ತಿನ ಫೋನು ಬೇಕಾಯಿತು. ಅಂಗಡಿಯ ಕದ ಎಳೆದು ಬೀಗ ಹಾಕುವಾಗ ಬೆರಳುಗಳನ್ನು ಅಗಲಿಸಿ ಬೀದಿದೀಪದ ಕಡೆಗೆ ಹಿಡಿದು ನೋಡಿದ. ಏನೂ ಕಾಣಲಿಲ್ಲ. ಆದರೆ ಕಜ್ಜಿಯ ಹುಳ ಕಣ್ಣಿಗೆ ಕಾಣುವಂಥದ್ದಲ್ಲವಂತೆ. ಏನೂ ಕಾಣದಿರುವುದೇ ಅದರ ಲಕ್ಷಣವೇನೋ.

ಮನೆಯಲ್ಲಿ ಮಗಳು ತನ್ನ ಐದು ತಿಂಗಳ ಕೂಸಿನೊಂದಿಗೆ ಬಂದು ಇದ್ದಳು. ಮಗಳ ಗಂಡನಿಗೆ ಬೇರೆ ಊರಿಗೆ ವರ್ಗವಾಗಿ, ಅಲ್ಲಿ ಮನೆ ಸಿಗುವ ತನಕ ಇಲ್ಲೇ ಎಂದು ಆಗಿತ್ತು. ದಿನವೂ ಅವನು ಚಪ್ಪಲಿ ಬಿಡುವ ಸದ್ದಿಗೇ ಕೂಸು ಕೈಕಾಲು ಬಡಿಯುವುದು, ಅವನು ಕೈ ಒರೆಸಿಕೊಂಡು ಎತ್ತಿ ತನ್ನ ಗಡ್ಡವನ್ನು ಅದರ ಹೊಟ್ಟೆಗೆ ಉಜ್ಜುವುದು, ಅದು ಕೇಕೆ ಹಾಕುವುದು. ಇವತ್ತು ಅವನು ನೇರ ಬಚ್ಚಲಿಗೆ ಹೋಗಿ ಮೊಣಕೈ ತನಕ ಸೋಪು ಹಚ್ಚಿ ತಿಕ್ಕಿದ; ಚರ್ಮ ಕೆಂಪಾಗಿ ಇನ್ನಷ್ಟು ತುರಿಸಿತು. ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಈ ಐದಾರು ವಾರಗಳಲ್ಲಿ ಅದನ್ನು ಎಷ್ಟು ಸಲ ಎತ್ತಿಕೊಂಡೆ? ಎಣಿಸಲಾದೀತೆ! ಗುಟ್ಟನ್ನು ಬಚ್ಚಿಟ್ಟುಕೊಂಡ ಕೈಯಲ್ಲೇ ಅದರ ಗಲ್ಲ ಸವರಿದೆನಲ್ಲ.

'ಅಪ್ಪಾ, ಸ್ವಲ್ಪ ಹಿಡ್ಕೋ ಇವಳನ್ನ, ಹಾಲು ಉಕ್ತಾ ಇದೆ,' ಎಂದು ಮಗಳು ಕೂಸನ್ನು ಮುಂದಕ್ಕೆ ಚಾಚಿದಳು.

'ನಿಮ್ಮಮ್ಮನ ಕೈಗೆ ಕೊಡು. ನನಗೆ ಶೀತ ಆಗೋ ಹಾಗಿದೆ.'

'ಬೆಳಿಗ್ಗೆ ಇರಲಿಲ್ವಲ್ಲ?'

'ಶೀತಕ್ಕೇನು, ಹೇಳಿ ಕಳಿಸಿ ಬರುತ್ತಾ?'

ಹೆಂಡತಿ ಕೂಸನ್ನು ತೆಗೆದುಕೊಂಡಳು. ಕಣ್ಣು ಮಾತ್ರ ಅವನ ತೊಡೆಯ ಕೆಳಗೆ ಅಡಗಿದ್ದ ಕೈಗಳ ಮೇಲೆ ಒಂದು ಗಳಿಗೆ ನಿಂತು ಹೋಯಿತು. ಕೂಸು ಅಜ್ಜಿಯ ಹೆಗಲ ಮೇಲಿಂದ ಅವನನ್ನೇ ನೋಡುತ್ತ ತುಟಿ ಮುಂದೆ ಮಾಡಿ ಅಳಲು ಸಿದ್ಧವಾಯಿತು. ಅವನಿಗೆ ಬೆನ್ನು ತುರಿಸಿತು, ಹೊಕ್ಕುಳ ಸುತ್ತ ತುರಿಸಿತು, ಕಿವಿಯ ಹಿಂದೆ ತುರಿಸಿತು. ಗೋಡೆಗೆ ಬೆನ್ನು ಉಜ್ಜಬೇಕೆನಿಸಿದರೂ ಕಲ್ಲಿನ ಹಾಗೆ ಕೂತ. ಮೈಯೆಲ್ಲ ಒಂದು ಸಂತೆಯಾಗಿದೆ, ಅದರ ಗದ್ದಲ ತನ್ನೊಬ್ಬನಿಗೇ ಕೇಳುತ್ತಿದೆ ಎನ್ನಿಸಿತು. ಚಾಪೆಯನ್ನು ಹೊರಗಿನ ಕೋಣೆಗೆ ಒಯ್ದು ಮಲಗಿದ; ಶೀತದ ನೆಪ ಅಲ್ಲಿಗೂ ಒದಗಿತು.

ಮಾರನೆಯ ಬೆಳಿಗ್ಗೆ ಆರೈಕೆ ಮನೆಯ ಊಟದ ಕೋಣೆಗೆ ಕಾಲಿಟ್ಟಾಗ ಅವನ ಎದೆಯಿಂದ ಮೊದಲ ಭಾರ ಇಳಿಯಿತು. ಮೇಜುಗಳನ್ನು ಗೋಡೆಗೆ ಒತ್ತರಿಸಿ, ಮೂಲೆಗೆ ಹಸಿರು ಪರದೆ ಕಟ್ಟಿದ್ದರು. ಅದರ ಮುಂದೆ ಸಾಲು: ಅಡುಗೆಯವನು, ನೆಲ ಒರೆಸುವ ಹೆಂಗಸರು, ವ್ಯಾನಿನ ಡ್ರೈವರು, ಟೈ ಕಟ್ಟಿದ ಮ್ಯಾನೇಜರು. ನಿಮ್ಮನ್ನೂ! ದೀರ್ಘವೇ! ಅಲ್ಲೇ ಯಾರನ್ನಾದರೂ ತಬ್ಬಿಕೊಳ್ಳುವ ಹಾಗಾಯಿತು, ಆದರೆ ಅವತ್ತು ತಬ್ಬಿಕೊಳ್ಳುವ ದಿನವಾಗಿರಲಿಲ್ಲ. ಎಲ್ಲರೂ ಒಬ್ಬರಿಂದೊಬ್ಬರು ಒಂದು ಮಾರು ದೂರ ನಿಂತು, ತಮಗೇನೂ ತುರಿಸುತ್ತಿಲ್ಲವೆಂಬ ಮುಖ ಮಾಡಿಕೊಂಡಿದ್ದರು. ಹಿತ್ತಲಲ್ಲಿ ದೊಡ್ಡ ಹಂಡೆಗಳಲ್ಲಿ ಹಾಸಿಗೆಯ ಹೊದಿಕೆಗಳು ಕುದಿಯುತ್ತಿದ್ದವು. ಒಗೆಯಲಾಗದ ಸ್ವೆಟರು, ದಿಂಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವರಾಂಡದಲ್ಲಿ ಸಾಲಾಗಿ ಇಟ್ಟಿದ್ದರು. ಕೆಳಗಿನ ಮಹಡಿಯ ಕೆಲವು ಮುದುಕಿಯರಿಗೆ, ಅವರನ್ನು ಎತ್ತಿ ಕೂರಿಸುವ ಇಬ್ಬರು ಆಯಾಗಳಿಗೆ ಬಂದಿದೆಯೆಂದು ಸಾಲಿನಲ್ಲೇ ತಿಳಿಯಿತು. ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. 'ಇವತ್ತು ಕೆಳಗಿನವರದ್ದು, ನಮ್ಮದು. ಮೇಲಿನ ಮಹಡಿ ಮುಂದಿನ ವಾರವಂತೆ,' ಎಂದ ಅಡುಗೆಯವನು, 'ಅಲ್ಲಿ ಯಾರಿಗೂ ಏನೂ ಇಲ್ವಲ್ಲ.' ಅವನು ನೆಲ ನೋಡಿದ.

ಪರದೆಯ ಒಳಗೆ ಅಂಗಿ ಬಿಚ್ಚಿ ಎಂದರು. ಬನಿಯನ್ನೂ. ಬನಿಯನ್ನಿನ ಬೆನ್ನಿಗೆ ಅಂಗೈಯಗಲದ ತೂತಿತ್ತು; ಪರದೆ ಸರಿಯಾಗಿ ಮುಚ್ಚಿರಲಿಲ್ಲ; ಆ ಸಂದಿಯಿಂದ ಅಡುಗೆಯವನ ಒಂದು ಕಣ್ಣು ಕಾಣುತ್ತಿತ್ತು. ಆಯುಷ್ಯವೆಲ್ಲ ಬೇರೆಯವರ ತಲೆಯನ್ನು ಅತ್ತ ಇತ್ತ ತಿರುಗಿಸಿದವನು ಅವನು, ಗಲ್ಲ ಹಿಡಿದೆತ್ತಿದವನು, ಕಿವಿ ಮಡಚಿದವನು. ಡಾಕ್ಟರಮ್ಮ ಈಗ ಅವನ ತೋಳನ್ನು ಹಾಗೆಯೇ ಎತ್ತಿ, ತಿರುಗಿಸಿ, ಕಂಕುಳಿಗೆ ದೀಪ ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ಭೂತಗನ್ನಡಿಯಲ್ಲಿ ನೋಡಿದರು. ಕುರ್ಚಿಯಲ್ಲಿ ಕೂತವರು ಯಾಕೆ ಕಣ್ಣು ಮುಚ್ಚಿಕೊಳ್ಳುತ್ತಾರೆಂದು ಅವನಿಗೆ ಆಗ ಗೊತ್ತಾಯಿತು, ಅವನೂ ಮುಚ್ಚಿಕೊಂಡ. ಮಣಿಕಟ್ಟಿನ ಹತ್ತಿರ ಕನ್ನಡಿ ತುಂಬಾ ಹೊತ್ತು ನಿಂತಿತು.

'ಎಷ್ಟು ದಿನದಿಂದ ತುರಿಸ್ತಿದೆ ಇಲ್ಲಿ?'

'ನಿನ್ನೆ... ಸಿಸ್ಟರ್ ಫೋನ್ ಮಾಡಿದಾಗಿಂದ.'

ಡಾಕ್ಟರಮ್ಮ ತಲೆಯೆತ್ತಿ ಅವನನ್ನು ನೋಡಿ ಮಾಸ್ಕಿನೊಳಗೇ ನಕ್ಕರು. 'ಇದು ಹುಳ ಮಾಡಿದ್ದಲ್ಲ, ನಿಮ್ಮ ಉಗುರು ಮಾಡಿದ್ದು. ಏನೂ ಇಲ್ಲ, ಅಂಗಿ ಹಾಕ್ಕೊಳ್ಳಿ.'

ಏನೂ ಇಲ್ಲ. ಅಂಗಿಯ ಗುಂಡಿಗಳು ಒಂದು ತೂತು ಮೇಲೆ ಕೆಳಗಾದವು. ಹಿತ್ತಲಿಗೆ ಹೋಗಿ ನಲ್ಲಿಗೆ ಬಾಯಿಕೊಟ್ಟು ಹೊಟ್ಟೆ ತುಂಬ ನೀರು ಕುಡಿದ. ತುರಿಕೆ ಎಲ್ಲಿ ಹೋಯಿತು? ಹುಡುಕಿದರೂ ಇಲ್ಲ, ಸಂತೆ ಮುಗಿದು ಜನ ಗಾಡಿ ಕಟ್ಟಿ ಹೊರಟ ಹಾಗೆ. ಹಂಡೆಯ ಬಳಿಯ ಹೆಂಗಸಿಗೆ 'ಉಪ್ಪು ಖಾರ ಸರಿಯಾಗಿ ಹಾಕಿದೀಯಾ?' ಎಂದು ಚೇಷ್ಟೆ ಮಾಡಿದ. ಹೀಗೇ ಗೇಟು ದಾಟಿ ಬಸ್ಸು ಹತ್ತಿ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಬಹುದು ಎಂದುಕೊಂಡು ಹೊರಡುವಾಗ ಯಾತಕ್ಕೋ ಮೇಲೆ ನೋಡಿದ. ಮಹಡಿಯ ಕೊನೆಯ ಕಿಟಕಿಯಲ್ಲಿ ಒಂದು ಅಗಲವಾದ ಭುಜ. ಅದು ಕಿಟಕಿಯ ಚೌಕಟ್ಟಿಗೆ ಒತ್ತಿಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ ಉಜ್ಜುತ್ತಿತ್ತು, ಕಂಬಕ್ಕೆ ಮೈ ತಿಕ್ಕುವ ಎಮ್ಮೆಯ ಹಾಗೆ, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ. ಎದುರಿಗೆ ಯಾರಾದರೂ ಇದ್ದಾಗ ಕೈಯನ್ನು ಕೂಡ ಅಲ್ಲಾಡಿಸದ ಮನುಷ್ಯ. ತನಗೆ ಒಂದು ರಾತ್ರಿ ಬಂದದ್ದು ಆ ಭುಜಕ್ಕೆ ಎಷ್ಟು ತಿಂಗಳಿಂದ ಇರಬಹುದು? ತನಗೆ ಬಂದಿದ್ದು ಬರೀ ಭಯ; ಅದನ್ನೇ ತಾಳಲಾಗಲಿಲ್ಲ.

ಸಿಸ್ಟರ್ ವರಾಂಡದಲ್ಲಿ ಚೀಲಗಳ ಬಾಯಿ ಕಟ್ಟುತ್ತಿದ್ದಳು. ಅವನು ಹೋಗಿ ನಿಂತ. ಕಣ್ಣ ಕೆಳಗೆ ಕಪ್ಪಾಗಿದ್ದ ಅವಳು, 'ಏನಣ್ಣಾ, ಆಯ್ತಲ್ಲ ನಿಮ್ದು, ಏನೂ ಇಲ್ವಂತೆ. ಮನೆಗೆ ಹೋಗಿ,' ಎಂದಳು.

'ಸಿಸ್ಟರ್, ಮೇಲೆ... ಮೇಷ್ಟ್ರ ಕೈ ಒಂದ್ಸಲ ನೋಡಿ. ಬೆರಳ ಸಂದಿ.'

'ಅವರದು ಒಣಚರ್ಮ ಅಲ್ವಾ?'

'ನಾನು ಹೋದ ತಿಂಗಳೇ ನೋಡಿದೆ. ಹೇಳ್ಬೇಡ ಅಂದ್ರು. ಹೇಳಲಿಲ್ಲ.'

ಅವಳ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಬೈಯುತ್ತಾಳೆಂದು ಅವನು ಕಾದ, ಬೈದಿದ್ದರೆ ಹಗುರಾಗುತ್ತಿತ್ತು. ಅವಳ ಮುಖದಲ್ಲಿ ಸಿಟ್ಟು ಬಂದು, ನಿಲ್ಲಲು ಜಾಗ ಸಿಗದೆ ಹೊರಟುಹೋಯಿತು. 'ನಾನೂ ನೋಡಿದ್ದೆ ಅಣ್ಣಾ,' ಎಂದಳು ಮೆಲ್ಲಗೆ. 'ಅಂಗೈ ಮೇಲೆ ಮುಲಾಮು ಹಾಕ್ತಿದ್ದೆ, ಅವರೇ ಹಚ್ಕೊಳ್ಳೋರು. ಬೆರಳು ಬಿಡಿಸಿ ನೋಡಲಿಲ್ಲ. ಎಲ್ಲರಿಗೂ ಕೈ ತೊಳ್ಕೊಳ್ಳಿ ಅಂತೀನಿ, ಒಬ್ಬರ ಕೈ ಸರಿಯಾಗಿ ನೋಡಲಿಲ್ಲ.' ಮರುಗಳಿಗೆಗೆ ಮತ್ತೆ ಸೋಪು ಸಿಸ್ಟರ್ ಆದಳು. 'ಡಾಕ್ಟ್ರು ಹೊರಟಿದಾರೆ, ಬನ್ನಿ ಬೇಗ.'

ಬಾಗಿಲಲ್ಲಿ ಮೂವರನ್ನು ಕಂಡ ಮೇಷ್ಟ್ರು ಡಾಕ್ಟರನ್ನು ನೋಡಲಿಲ್ಲ, ನರ್ಸನ್ನು ನೋಡಲಿಲ್ಲ. ಹಿಂದೆ ನಿಂತಿದ್ದ ಅವನನ್ನು ನೋಡಿದರು. 'ಹೇಳ್ಬಿಟ್ಟೆ,' ಎಂದು ಅಷ್ಟೇ ಹೇಳಿ ಮುಖವನ್ನು ಗೋಡೆಗೆ ಹೊರಳಿಸಿದರು. ಕೈಯನ್ನು ಮಾತ್ರ ಬಿಟ್ಟುಕೊಟ್ಟರು, ಅದು ತಮ್ಮದಲ್ಲ ಎನ್ನುವ ಹಾಗೆ. ಡಾಕ್ಟರಮ್ಮ ಅವರ ಉಣ್ಣೆಯ ಕೈಗವಸು ತೆಗೆದು ಬೆರಳ ಸಂದಿಯ ಹಕ್ಕಳೆಯನ್ನು ಗಾಜಿನ ಪಟ್ಟಿಯ ಮೇಲೆ ಕೆರೆದುಕೊಂಡು, ಪೆಟ್ಟಿಗೆಯಿಂದ ತೆಗೆದಿಟ್ಟ ಸಣ್ಣ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತುಂಬ ಹೊತ್ತು ಬಗ್ಗಿಯೇ ಇದ್ದರು. 'ಇಲ್ಲಿಂದಲೇ,' ಎಂದರು ಕೊನೆಗೆ. ಸಾಮಾನ್ಯ ಕಜ್ಜಿಯವರ ಮೈಮೇಲೆ ಹತ್ತು ಹದಿನೈದು ಹುಳ ಇದ್ದರೆ ಇಂಥ ಹಕ್ಕಳೆಯಲ್ಲಿ ಸಾವಿರಗಟ್ಟಲೆ ಇರುತ್ತವಂತೆ. ಇವರನ್ನು ಎತ್ತಿ ಕೂರಿಸಿದ ಆಯಾಗಳೇ ಕೆಳಗೂ ಕೆಲಸ ಮಾಡುವುದು. ಆಮೇಲೆ ಅವರು ಹಾಸಿಗೆಯ ಅಂಚಿನಲ್ಲಿ ಬಗ್ಗಿ, ಕಿವಿ ಮಂದವಾದವರೊಂದಿಗೆ ಆಡುವ ಹಾಗಲ್ಲದೆ ಸಣ್ಣ ದನಿಯಲ್ಲಿ, 'ಎಷ್ಟು ದಿನದಿಂದ ಸಹಿಸ್ಕೊಂಡಿದೀರಿ ಮೇಷ್ಟ್ರೇ? ಇದು ವಾಸಿಯಾಗತ್ತೆ. ಪೂರ್ತಿ ವಾಸಿಯಾಗತ್ತೆ,' ಎಂದರು. ಗೋಡೆಯ ಕಡೆ ಹೊರಳಿದ್ದ ಭುಜ ಒಮ್ಮೆ ಏರಿ ಇಳಿಯಿತು. ಅವನು ಅಲ್ಲಿ ನಿಲ್ಲಲಾರದೆ ಮೆಟ್ಟಿಲಿಗೆ ಬಂದ. ತಾನು ಪಾರಾದ ಮೇಲೆ ಬಾಯಿ ಬಿಟ್ಟವನು. ಪರದೆಯೊಳಗೆ ಹೋಗುವ ಮೊದಲು ಯಾಕೆ ಹೇಳಲಿಲ್ಲ? ಈ ಪ್ರಶ್ನೆಗೆ ಉತ್ತರ ಅವನ ಹತ್ತಿರ ಇತ್ತು, ಅದು ಚೆನ್ನಾಗಿರಲಿಲ್ಲ.

ಹಿಂದೆಯೇ ಇಳಿದ ಡಾಕ್ಟರಮ್ಮ ಕೇಳಿದರು: 'ಅವರು ನಿಮ್ಮ ಕೈ ಹಿಡ್ಕೊಂಡಿದ್ರಾ? ಬರಿಗೈಲಿ? ಹಾಗಿದ್ರೆ ನಿಮಗೂ ಔಷಧಿ. ಈಗ ಏನೂ ಕಾಣದೇ ಇದ್ರೂ ಬಿಡೋ ಹಾಗಿಲ್ಲ. ಮನೇಲಿ ಯಾರ್ಯಾರಿದಾರೆ?' ಐದು ತಿಂಗಳ ಕೂಸಿದೆ ಎಂದ. ಅದನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ಹೆದರಬೇಡಿ, ದೊಡ್ಡವರೆಲ್ಲ ಕತ್ತಿನಿಂದ ಅಂಗಾಲಿನ ತನಕ ಹಚ್ಚಿಕೊಳ್ಳಿ, ಹೊದಿಕೆ ಬಟ್ಟೆ ಬಿಸಿನೀರಿಗೆ ಹಾಕಿ, ವಾರ ಬಿಟ್ಟು ಮತ್ತೊಮ್ಮೆ. ಕೈಗೆ ಬಂದ ಬಿಡುಗಡೆಯನ್ನು ಅರ್ಧ ಹಿಂದಕ್ಕೆ ಕಿತ್ತುಕೊಂಡ ಹಾಗಾಯಿತು. ಆದರೂ ಬಸ್ಸಿನಲ್ಲಿ ಔಷಧಿಯ ಚೀಲವನ್ನು ಮಡಿಲಲ್ಲಿಟ್ಟು ಕೂತಾಗ, ಬಚ್ಚಿಡಬೇಕಾದದ್ದು ಇನ್ನೇನೂ ಉಳಿದಿಲ್ಲವಲ್ಲ ಎಂದು ಕೈಕಾಲು ಸಡಿಲವಾಯಿತು. ಇನ್ನು ಉಳಿದದ್ದು ಹೆಂಡತಿ.

ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, 'ಇಷ್ಟಕ್ಕೇನ್ರೀ ನಿನ್ನೆಯಿಂದ ಕಳ್ಳನ ಹಾಗೆ ಮೂಲೇಲಿ ಕೂತಿದ್ದು?' ಎಂದಳು.

'ನೀನೇನಂದ್ಕೊಂಡಿದ್ದೆ?'

'ಏನೇನೋ. ಕೈ ಅಡಗಿಸ್ತಾರೆ, ಕೂಸನ್ನ ಮುಟ್ಟಲ್ಲ, ಹೊರಗೆ ಮಲಗ್ತಾರೆ... ಏನೋ ದೊಡ್ಡ ಕಾಯಿಲೆ ಇದೆ, ನನಗೆ ಹೇಳ್ತಿಲ್ಲ ಅಂತ ನಾನಿಲ್ಲಿ ಕಣ್ಣು ಮುಚ್ಚಿಲ್ಲ. ಕಜ್ಜಿಯಂತೆ, ಕಜ್ಜಿ!' ಅವಳು ನಗಲು ಶುರುಮಾಡಿದಳು, ನಗುತ್ತ ನಗುತ್ತ ಅತ್ತಳು, ಮತ್ತೆ ನಕ್ಕಳು. ಮಗಳು ಒಳಗಿನಿಂದ ಏನಾಯಿತೆಂದು ಓಡಿ ಬಂದಳು. 'ನಿಮ್ಮಪ್ಪನಿಗೆ ಕಜ್ಜಿ ಬರಲಿಲ್ಲವಂತೆ ಕಣೇ,' ಎಂದು ಹೆಂಡತಿ ಹೇಳಿದ್ದು ಮಗಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವತ್ತು ಸಂಜೆಯೇ ಕೂಸನ್ನು ಡಾಕ್ಟರಿಗೆ ತೋರಿಸಿದರು. ಅವರು ಅದನ್ನು ಬರಿಮೈಯಲ್ಲಿ ಮೇಜಿನ ಮೇಲೆ ಮಲಗಿಸಿ, ಅಂಗಾಲು ಅಂಗೈ ಎಲ್ಲ ನೋಡಿ, ಅದು ಅವರ ಮೇಲೆ ಉಚ್ಚೆ ಹೊಯ್ದ ಮೇಲೆ, 'ಚರ್ಮ ಚೊಕ್ಕವಾಗಿದೆ, ಜೋರೂ ಇದೆ. ಆದ್ರೂ ಮನೆಯವರ ಜೊತೆ ಇವಳಿಗೂ ಹಚ್ಚಿಬಿಡಿ,' ಎಂದು ಕೂಸುಗಳಿಗೆ ಹಚ್ಚುವ ಬಗೆ ಹೇಳಿಕೊಟ್ಟು ಕಳಿಸಿದರು.

ಸ್ನಾನ ಮಾಡಿ ಬಂದವನನ್ನು ಹೆಂಡತಿ ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ಔಷಧಿ ಹಚ್ಚಿದಳು. ತಣ್ಣಗಿತ್ತು. 'ಗೋಡೆಗೆ ಸುಣ್ಣ ಬಳಿದ ಹಾಗಾಯ್ತು,' ಎಂದಳು. 'ಆ ಕಡೆ ತಿರುಗಿ. ಬೆರಳು ಅಗಲಿಸಿ. ಇಷ್ಟು ವರ್ಷದಲ್ಲಿ ನಿಮ್ಮ ಬೆನ್ನಲ್ಲಿ ಮಚ್ಚೆ ಇರೋದನ್ನೇ ನಾನು ನೋಡಿರಲಿಲ್ಲ ನೋಡಿ.' ಅವಳ ಹೆಬ್ಬೆರಳು ಪ್ರತಿ ಸಂದಿಗೂ ಹೋಗಿ ಬಂತು. ಅವನಿಗೆ ಪರದೆಯೊಳಗಿನ ನಾಚಿಕೆ ನೆನಪಾಯಿತು, ಆದರೆ ಯಾರದೋ ಕಥೆಯ ಹಾಗೆ. ಮರುದಿನ ಮೈ ತೊಳೆದುಕೊಂಡು ಬಂದು ಕೂಸಿನ ಮುಂದೆ ಕೈ ಚಾಚಿದ. ಅದು ಒಂದು ಗಳಿಗೆ ಮುನಿಸಿಕೊಂಡ ಹಾಗೆ ನೋಡಿತು. ಆಮೇಲೆ ಅವನ ಹೆಬ್ಬೆರಳನ್ನು ಹಿಡಿದು ಸೀದಾ ಬಾಯಿಗೆ ಒಯ್ದಿತು. 'ಏ, ಕೈ ತೊಳ್ಕೊಂಡಿದೀನಿ ಕಣಮ್ಮಾ,' ಎಂದು ಅವನು ಯಾರಿಗೋ ಸಮಜಾಯಿಷಿ ಕೊಟ್ಟ.

ಮಂಗಳವಾರಗಳು ಖಾಲಿ ಹೋದವು. ಆರೈಕೆ ಮನೆಯಲ್ಲಿ ಎಲ್ಲರಿಗೂ ಔಷಧಿ ನಡೆದಿದೆ, ಮೇಷ್ಟ್ರನ್ನು ಮೂಲೆಯ ಕೋಣೆಗೆ ಬದಲಾಯಿಸಿದ್ದಾರೆ ಎಂದು ಕೇಳಿದ್ದ. ಮೂಲೆಯ ಕೋಣೆ ಎನ್ನುವಾಗಲೆಲ್ಲ ಅವನ ಕಣ್ಣಿಗೆ ಒಂದು ತಂತಿಬೇಲಿ, ಅದನ್ನು ಹಿಡಿದು ನಿಂತ ಯಾವುದೋ ಹುಡುಗ ಕಾಣುತ್ತಿದ್ದ; ಒಮ್ಮೊಮ್ಮೆ ಆ ಹುಡುಗನಿಗೆ ಮೇಷ್ಟ್ರ ಭುಜವಿರುತ್ತಿತ್ತು. ಕೊನೆಗೊಂದು ದಿನ ಮತ್ತೆ ಸಿಸ್ಟರಿನ ಫೋನು ಬಂತು. 'ಅಣ್ಣಾ, ಹೊಸದಾಗಿ ಯಾರಿಗೂ ಬಂದಿಲ್ಲ. ಎಲ್ಲಾ ಇಳಿಮುಖ. ಆದ್ರೆ ಮೇಷ್ಟ್ರು ಗಡ್ಡ ಬಿಟ್ಕೊಂಡು ಋಷಿ ಆಗಿದಾರೆ, ಯಾರನ್ನೂ ಮುಟ್ಟಕ್ಕೆ ಬಿಡ್ತಿಲ್ಲ. ನಿಮ್ಮನ್ನೇ ಕರೀಬೇಕಂತೆ.' ನಿಮ್ಮನ್ನೇ. ಈ ಸಲ ಗರಗರ ಸದ್ದಿರಲಿಲ್ಲ.

ಕೋಣೆಯ ಹೊರಗೆ ಅವಳೇ ನಿಂತು ತೊಡಿಸಿದಳು: ಮೊದಲು ಗೌನು, ಬೆನ್ನಿಗೆ ಗಂಟು, ಆಮೇಲೆ ಮಾಸ್ಕು, ಕೊನೆಗೆ ತೋಳಿನ ತುದಿಯನ್ನು ಮುಚ್ಚುವ ಹಾಗೆ ಗ್ಲೌಸು. 'ಬಿಚ್ಚೋವಾಗ ಒಳಗಿನದು ಹೊರಗೆ ಬರೋ ಹಾಗೆ ಸುರುಳಿ ಸುತ್ತಿ ಈ ಬುಟ್ಟಿಗೆ ಹಾಕಿ. ಬ್ಲೇಡು, ಟವೆಲ್ಲು ಎಲ್ಲಾ ಒಳಗೇ ಇಟ್ಟಿದೀನಿ, ಒಳಗಿಂದು ಒಳಗೇ ಇರ್ಲಿ.' ಅವನು ಕೇಳಿಯೇ ಬಿಟ್ಟ, 'ಒಬ್ಬರೇ ಇರ್ತಾರಾ ಸಿಸ್ಟರ್ ಇಲ್ಲಿ?' 'ಎಲ್ಲಿ ಬಿಡ್ತಾರೆ ಒಬ್ಬರನ್ನ? ನಾನು, ಆಯಾ ಗೌನು ಹಾಕ್ಕೊಂಡು ಸರದಿ ಮೇಲೆ ಕೂತ್ಕೊಳ್ತೀವಿ. ನನಗೆ ಈಜು ಬರಲ್ಲ ಅಂತ ಗೊತ್ತಾಗ್ಬಿಟ್ಟಿದೆ, ದಿನಾ ಕುರ್ಚಿ ಮೇಲೇ ಈಜು ಕಲಿಸ್ತಾ ಕೈಬೀಸಿಸ್ತಾರೆ. ಇನ್ನೊಂದು ವಾರ, ಆಮೇಲೆ ಅವರ ಕೋಣೆಗೆ ಅವರು.'

ಕೋಣೆ ಅವನು ನೆನೆಸಿಕೊಂಡಷ್ಟು ಕತ್ತಲಾಗಿರಲಿಲ್ಲ. ಕಿಟಕಿ ತೆರೆದಿತ್ತು, ಬಿಸಿಲು ಮಂಚದ ಅರ್ಧಕ್ಕೆ ಬಂದಿತ್ತು. ಮೇಷ್ಟ್ರ ಕೈಗಳು ಹೊದಿಕೆಯ ಮೇಲೆ ಬರಿದಾಗಿ ಬಿದ್ದಿದ್ದವು. ಬೆರಳ ಸಂದಿಯಲ್ಲಿ ಹಕ್ಕಳೆ ಉದುರಿ, ಎಳೆಯ, ಕೆಂಪಗಿನ ಚರ್ಮ.

'ಇದೇನಯ್ಯಾ ವೇಷ? ನನ್ನ ಗಡ್ಡ ತೆಗೀತೀಯೋ, ಹೊಟ್ಟೆ ಕೊಯ್ತೀಯೋ?'

ಅವನಿಗೆ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳಿದ್ದವು. 'ಮೇಷ್ಟ್ರೇ, ಅವತ್ತು ನಾನು...'

'ಸಿಟ್ಟಿತ್ತು,' ಎಂದರು ಮೇಷ್ಟ್ರು. 'ಸುಳ್ಳು ಯಾಕೆ ಹೇಳ್ಲಿ? ಆ ಕತ್ತರಿಯವನು ಸಿಗಲಿ ಅಂತ ಕಾದಿದ್ದೆ. ಆಮೇಲೆ ಔಷಧಿ ಹಚ್ಚಿದ್ರು, ಮಾತ್ರೆ ಕೊಟ್ರು. ಮೊದಮೊದಲು ಇನ್ನೂ ಉರೀತು. ಆಮೇಲೆ ಒಂದು ದಿನ ತುರಿಕೆ ನಿಂತೇಹೋಯ್ತು ಕಣಯ್ಯಾ. ಅವತ್ತಿಂದ ಬರೀ ನಿದ್ದೆ. ಬೆಳಿಗ್ಗೆ ನಿದ್ದೆ, ಮಧ್ಯಾಹ್ನ ನಿದ್ದೆ. ಸಿಟ್ಟು ಮಾಡ್ಕೊಳ್ಳೋದಕ್ಕಾದ್ರೂ ಮನುಷ್ಯನಿಗೆ ಎಚ್ಚರ ಇರಬೇಕಲ್ಲ?'

ಅವನು ಮಾಸ್ಕಿನೊಳಗೇ ನಕ್ಕ, ಉಸಿರಿಗೆ ಕನ್ನಡಕ ಮಂಜಾಯಿತು. ಬಾಯಿಪಾಠದ ಮಾತುಗಳು ಬೇಕಾಗಲಿಲ್ಲ. ಟವೆಲ್ಲು ಹಾಸಿ, ಉದ್ದ ಗಡ್ಡವನ್ನು ಕತ್ತರಿಯಿಂದ ಇಳಿಸಿ, ಬ್ರಶ್ಶಿನಿಂದ ನೊರೆ ಎಬ್ಬಿಸಿ ಎರಡೂ ಕೆನ್ನೆಗೆ ತುಂಬ ಬಳಿದ. ಗ್ಲೌಸಿನೊಳಗಿನ ಬೆರಳಿಗೆ ಚರ್ಮದ ಏರಿಳಿತ ಮೊದಲಿನಷ್ಟು ತಿಳಿಯುತ್ತಿರಲಿಲ್ಲ, ಹಾಗಾಗಿ ನಿಧಾನಕ್ಕೆ, ಕಣ್ಣನ್ನೇ ಬೆರಳು ಮಾಡಿಕೊಂಡು ಬಲಗೆನ್ನೆಯನ್ನು ಮುಗಿಸಿದ. ಗಲ್ಲದ ಅಡಿಗೆ ರೇಜರು ಒಯ್ದಾಗ ತಲೆ ಪಕ್ಕಕ್ಕೆ ಹೊರಳಿತು, ಬಾಯಿ ತೆರೆಯಿತು. ಆದರೆ ತಿರುಗಿ ಬರಲಿಲ್ಲ. ಅವನ ಕೈ ಗಾಳಿಯಲ್ಲೇ ನಿಂತಿತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಸಣ್ಣಗೆ ಗೊರಕೆ ಶುರುವಾಯಿತು.

ರೇಜರನ್ನು ಬಟ್ಟಲಲ್ಲಿಟ್ಟು ಕುರ್ಚಿ ಎಳೆದುಕೊಂಡು ಕೂತ. ಎಡಗೆನ್ನೆಯ ನೊರೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಒಡೆಯುವುದನ್ನು ನೋಡುತ್ತ ಕೂತ. ಹೊರಗೆ ಹಿತ್ತಲಿನ ತಂತಿಯ ಮೇಲೆ ಒಗೆದ ಹೊದಿಕೆಗಳು ಹಾರಾಡುತ್ತಿದ್ದವು. ಬಾಗಿಲ ಗಾಜಿನಲ್ಲಿ ಸಿಸ್ಟರಿನ ಮುಖ ಕಾಣಿಸಿತು. ಅವಳು ಬಾಗಿಲನ್ನು ಮೆಲ್ಲಗೆ ಸಂದು ಮಾಡಿ ಪಿಸುಗುಟ್ಟಿದಳು, 'ಎಬ್ಬಿಸಿ ಅಣ್ಣಾ, ನೊರೆ ಒಣಗ್ತಿದೆ.'

'ಒಣಗ್ಲಿ ಬಿಡಿ ಸಿಸ್ಟರ್,' ಎಂದ ಅವನು, ಉಸಿರಿನಷ್ಟೇ ಸಣ್ಣಗೆ. 'ಮತ್ತೆ ಕಲಸಿದ್ರಾಯ್ತು.'